ಮಳೆಗಾಲದಲ್ಲಿ ತುಡುವೆ ಜೇನು ಪೆಟ್ಟಿಗೆ ಬಿಟ್ಟು ಹೋಗುತ್ತಾ? ಜೇನು ನೋಡಬೇಡಿ, ಮರಿ ನೋಡಿ

ಪ್ರತಿ ವರ್ಷ ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಫೋನು ಶುರುವಾಗುತ್ತದೆ. "ಮೇ ತಿಂಗಳಲ್ಲಿ ಪೆಟ್ಟಿಗೆ ತುಂಬ ಹುಳ ಇತ್ತು. ನಿನ್ನೆ ಹೋಗಿ ನೋಡಿದರೆ ಖಾಲಿ. ಸಕ್ಕರೆ ನೀರು ಕೊಟ್ಟಿದ್ದೆ, ಆದರೂ ಹೋದವು. ಯಾಕೆ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಅದೇ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲೇ ಉತ್ತರ ಹೇಳುತ್ತೇನೆ. ತುಡುವೆ ಮಳೆಗೆ ಹೆದರಿ ಹೋಗುವುದಿಲ್ಲ. ಘಟ್ಟದ ಮಳೆಯಲ್ಲೇ ಹುಟ್ಟಿ ಬೆಳೆದ ಹುಳ ಅದು. ದಿನಗಟ್ಟಲೆ ಪರಾಗ ಒಳಗೆ ಬರದಿದ್ದರೆ ಮರಿ ಸಾಕುವುದು ನಿಲ್ಲುತ್ತದೆ. ಸಾಕಲು ಮರಿ ಇಲ್ಲದ ಮನೆಯಲ್ಲಿ ತುಡುವೆಯನ್ನು ಕಟ್ಟಿಹಾಕುವುದು ಏನೂ ಇರುವುದಿಲ್ಲ. ಇನ್ನೊಂದು ವಿಷಯ, ಅದು ದಿಢೀರ್ ಅಂತ ಹೋಗುವುದಿಲ್ಲ. ಸುಮಾರು ಮೂರು ವಾರ ಮೊದಲೇ ಸೂಚನೆ ಕೊಡುತ್ತದೆ. ನಾವು ಆ ಹೊತ್ತಿಗೆ ಜೇನು ಎಷ್ಟಿದೆ ಎಂದು ನೋಡುತ್ತಿರುತ್ತೇವೆ, ಮರಿ ಕಡೆ ಕಣ್ಣು ಹಾಯಿಸುವುದಿಲ್ಲ.

ಇಲ್ಲಿ ಬರೆದದ್ದು ಕರಾವಳಿ, ಮಲೆನಾಡು, ಕೊಡಗಿನಲ್ಲಿ ತುಡುವೆ ಸಾಕುವವರಿಗೆ. ಮೆಲ್ಲಿಫೆರಾ, ಅಂದರೆ ಇಟಾಲಿಯನ್ ಜೇನು ಸಾಕುವವರ ತಲೆನೋವುಗಳೇ ಬೇರೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ಕೆಲವು ಮಾತುಗಳ ಅರ್ಥ

ಹಳಬರು ಇದನ್ನು ದಾಟಿ ಮುಂದೆ ಹೋಗಬಹುದು. ಪೆಟ್ಟಿಗೆಯ ಕೆಳಗಿನ ಭಾಗ ಸಂಸಾರ ಕೋಣೆ. ರಾಣಿ ಮೊಟ್ಟೆ ಇಡುವುದು, ಮರಿ ಬೆಳೆಯುವುದು ಇಲ್ಲಿ. ಅದರ ಮೇಲಿನದು ಜೇನು ಕೋಣೆ. ಚೌಕಟ್ಟಿನಲ್ಲಿ ಹುಳ ಕಟ್ಟುವ ಮೇಣದ ಹಾಳೆಗೆ ಎರಿ ಎನ್ನುತ್ತೇವೆ. ಎರಿಯ ಆರು ಮೂಲೆಯ ಪುಟ್ಟ ಗೂಡನ್ನು ಕಣ ಎಂದು ಕರೆಯುತ್ತೇನೆ. ಮೊಟ್ಟೆ ಒಡೆದು ಬಂದ ಬಿಳಿ ಹುಳುವಿಗೆ ಮರಿ. ಮರಿ ಬೆಳೆದ ಮೇಲೆ ಕಣಕ್ಕೆ ಮೇಣದ ಮುಚ್ಚಳ ಬೀಳುತ್ತದೆ, ಅದು ಮುಚ್ಚಿದ ಮರಿ. ಹೊಸ ರಾಣಿ ಹುಟ್ಟುವಾಗ ಹಳೇ ರಾಣಿ ಅರ್ಧ ಹುಳದ ಜೊತೆ ಹೊರಡುವುದು ಪಾಲಾಗುವುದು. ಇಡೀ ಸಂಸಾರ ಗಂಟುಮೂಟೆ ಕಟ್ಟಿ ಹೋದರೆ ಅದು ಪರಾರಿ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ ಇದ್ದಾರೆ. ಪಾಲಾಗುವುದು ಹೊಟ್ಟೆ ತುಂಬಿದ ಕುಟುಂಬದ ಲಕ್ಷಣ. ಪರಾರಿ ಹಸಿದ ಕುಟುಂಬದ್ದು, ಇಲ್ಲವೇ ಕಾಟ ತಾಳಲಾರದ ಕುಟುಂಬದ್ದು.

ಏನೇನು ಬೇಕು

ಬಿಳಿ ಸಕ್ಕರೆ, ಪೆಟ್ಟಿಗೆಗೆ ಒಂದರಂತೆ ತೆಂಗಿನ ಗೆರಟೆ, ಎಣ್ಣೆ ತೆಗೆದ ಸೋಯಾ ಹಿಟ್ಟು, ಸ್ವಲ್ಪ ಬ್ರೂವರ್ಸ್ ಯೀಸ್ಟ್ (ಜೀವವಿಲ್ಲದ ಯೀಸ್ಟ್ ಪುಡಿ), ರಾಣಿ ಪಂಜರ, ಹೊಗೆ ತಿದಿ, ಒಂದು ಸಣ್ಣ ಟಾರ್ಚು, ಮತ್ತು ಒಂದು ನೋಟ್‌ಬುಕ್ಕು. ಕೊನೆಯದ್ದೇ ಮುಖ್ಯ. ಐದು ಪೆಟ್ಟಿಗೆ ದಾಟಿದ ಮೇಲೆ ಯಾವುದರಲ್ಲಿ ಯಾವಾಗ ಮೊಟ್ಟೆ ಕಂಡಿತ್ತು ಎಂದು ನೆನಪಿಟ್ಟುಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಹಂತ 1: ಮೃಗಶಿರ ಮಳೆಗೆ ಮೊದಲೇ ಮನೆ ಸಣ್ಣದು ಮಾಡಿ

ಮೇ ಕೊನೆಯ ವಾರದೊಳಗೆ ಈ ಕೆಲಸ ಮುಗಿಯಬೇಕು. ಜೇನು ಕೋಣೆಯ ಜೇನು ನಿಮ್ಮದು. ಸಂಸಾರ ಕೋಣೆಯ ಎರಿಯ ಮೇಲಂಚಿನಲ್ಲಿರುವ ಜೇನು ಅವುಗಳದ್ದು. ಅದನ್ನು ಮುಟ್ಟಬೇಡಿ. ಕೊನೇ ಸಲ ಅಂತ ಆಸೆಗೆ ಬಿದ್ದು ಅದನ್ನೂ ಹಿಂಡಿದರೆ ಜುಲೈಯಲ್ಲಿ ಅದರ ಹತ್ತರಷ್ಟು ಓಡಾಟ ಗ್ಯಾರಂಟಿ.

ಆಮೇಲೆ ಎರಿ ಎಣಿಸಿ. ಹುಳ ಎಷ್ಟು ಎರಿಯನ್ನು ಪೂರ್ತಿ ಮುಚ್ಚಿ ಕೂತಿದೆಯೋ ಅಷ್ಟನ್ನೇ ಉಳಿಸಿ. ಖಾಲಿ ಎರಿ, ಕಪ್ಪಗಾದ ಹಳೇ ಎರಿ ಎಲ್ಲ ತೆಗೆದು ಮೇಣ ಕರಗಿಸಿಬಿಡಿ. ಉಳಿದ ಜಾಗಕ್ಕೆ ಒಂದು ಹಲಗೆ ಅಡ್ಡ ಇಟ್ಟು ಕೋಣೆ ಚಿಕ್ಕದು ಮಾಡಿ. ಮರಿ ಇರುವ ಜಾಗವನ್ನು ಹುಳ ಸುಮಾರು 34–35 ಡಿಗ್ರಿ ಬಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಹೊರಗೆ 20 ಡಿಗ್ರಿ ಇದ್ದು ಥಂಡಿ ಗಾಳಿ ಬೀಸುವಾಗ ರೆಕ್ಕೆಯ ಸ್ನಾಯು ನಡುಗಿಸಿ ಬಿಸಿ ಹುಟ್ಟಿಸಬೇಕು. ಅದಕ್ಕೆ ಜೇನು ಖರ್ಚಾಗುತ್ತದೆ. ದೊಡ್ಡ ಮನೆ ಆದರೆ ಖರ್ಚು ಜಾಸ್ತಿ, ಅಷ್ಟೇ ಲೆಕ್ಕ.

ಪೆಟ್ಟಿಗೆ ಬಾಗಿಲ ಕಡೆಗೆ ಒಂದು ಚೂರು ಓರೆಯಾಗಿರಲಿ, ಒಳಗೆ ಬಿದ್ದ ನೀರು ಹೊರಗೆ ಹೋಗಲಿ. ಮೇಲೆ ಅಡಿಕೆ ಹಾಳೆಯೋ ತಗಡೋ ಹೊದಿಸಿ ಕಲ್ಲು ಇಡಿ. ಆದರೆ ಪ್ಲಾಸ್ಟಿಕ್ ಸುತ್ತಬೇಡಿ. ಒಳಗಿನ ಹಬೆ ಹೋಗಲು ದಾರಿ ಇಲ್ಲದೆ ಎರಿಗೆ ಬೂಷ್ಟು ಹಿಡಿಯುತ್ತದೆ.

ಹಂತ 2: ಮರಿ ಓದುವುದು ಕಲಿಯಿರಿ

ಈ ಲೇಖನದಲ್ಲಿ ಒಂದೇ ಹಂತ ಓದುವಷ್ಟು ತಾಳ್ಮೆ ಇದ್ದರೆ ಇದನ್ನೇ ಓದಿ.

ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಪೆಟ್ಟಿಗೆ ತೆರೆಯಿರಿ. ಮಧ್ಯದ ಒಂದೇ ಎರಿ ಎತ್ತಿ. ಬೆನ್ನಿಗೆ ಬೆಳಕು ಬರುವಂತೆ ನಿಂತು ಎರಿಯನ್ನು ಸ್ವಲ್ಪ ಓರೆ ಮಾಡಿದರೆ ಬೆಳಕು ಕಣದ ತಳಕ್ಕೆ ಬೀಳುತ್ತದೆ. ಮೋಡ ಇದ್ದರೆ ಟಾರ್ಚು ಹಾಕಿ. ಬಿಳಿ ದಾರದ ತುಂಡಿನಂಥ ಮೊಟ್ಟೆ ಕಾಣುತ್ತದೆ. ನೆಟ್ಟಗೆ ನಿಂತಿದ್ದರೆ ಇವತ್ತು ಇಟ್ಟದ್ದು, ವಾಲಿದ್ದರೆ ನಿನ್ನೆಯದು, ಮಲಗಿದ್ದರೆ ಮೊನ್ನೆಯದು. ಮೊಟ್ಟೆ ಕಂಡರೆ ರಾಣಿಯನ್ನು ಹುಡುಕುವ ಕೆಲಸವೇ ಇಲ್ಲ. ಮೂರು ದಿನದೊಳಗೆ ಅವಳು ಅಲ್ಲಿ ಓಡಾಡಿದ್ದಾಳೆ ಅಂತಲೇ ಅರ್ಥ.

ಆಮೇಲೆ ಸಣ್ಣ ಮರಿ ನೋಡಿ. ಚಂದ್ರನ ತುಂಡಿನಂತೆ ಬಾಗಿ ಮಲಗಿರುತ್ತದೆ. ಅದರ ಕೆಳಗೆ ಬಿಳಿ ಹಾಲು ನಿಂತಿದ್ದು, ಮರಿ ಅದರಲ್ಲಿ ತೇಲುತ್ತಿದ್ದರೆ ಕುಟುಂಬದ ಹೊಟ್ಟೆ ತುಂಬಿದೆ. ಕಣದ ತಳ ಒಣಗಿದಂತೆ ಇದ್ದು ಮರಿ ಬರೀ ನೆಲದಲ್ಲಿ ಬಿದ್ದಿದ್ದರೆ ಪರಾಗದ ಕೊರತೆ ಶುರುವಾಗಿದೆ. ಈ ಹಾಲು ಬರುವುದು ಎಳೆ ಹುಳಗಳ ತಲೆಯಲ್ಲಿರುವ ಗ್ರಂಥಿಯಿಂದ. ಆ ಗ್ರಂಥಿ ತುಂಬಬೇಕಾದರೆ ಅವು ಪರಾಗ ತಿನ್ನಲೇಬೇಕು. ಸಕ್ಕರೆ ಕುಡಿದು ಹಾಲು ಮಾಡಲು ಆಗುವುದಿಲ್ಲ.

ಹಸಿ ಮರಿ, ಒಣ ಮರಿ ಎಂಬ ಈ ವ್ಯತ್ಯಾಸವನ್ನು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ, ಹೂವು ಚೆನ್ನಾಗಿರುವಾಗಲೇ ಒಂದು ಸಲ ನೋಡಿಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ನಾಲ್ಕೈದು ದಿನ ಬಿಡದೆ ಮಳೆ ಸುರಿದ ಮೇಲೆ ನೋಡಿದರೆ ಸಣ್ಣ ಮರಿಗಳೇ ಕಾಣದಿರಬಹುದು. ದೊಡ್ಡ ಮರಿ ಇದೆ, ಮುಚ್ಚಿದ ಮರಿ ಇದೆ, ನಡುವಿನದ್ದು ಮಾಯ. ಜನ ತಕ್ಷಣ "ರಾಣಿ ಕೆಟ್ಟಿತು" ಎಂದು ಅವಳನ್ನು ಹಿಡಿದು ಕೊಲ್ಲುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಸಂಶೋಧಕರು ಜೇನು ಕುಟುಂಬಗಳಿಗೆ ಪರಾಗ ಸಿಗದಂತೆ ಮಾಡಿ ನೋಡಿದರು. ಹುಳಗಳು ತಮ್ಮ ತೀರಾ ಎಳೆಯ ಮರಿಗಳನ್ನು ತಾವೇ ತಿಂದವು. ಬೆಳೆದ ಮರಿಗಳನ್ನು ಉಳಿಸಿಕೊಂಡು, ಮಾಮೂಲಿಗಿಂತ ಬೇಗ ಮುಚ್ಚಳ ಹಾಕಿದವು. 2001ರಲ್ಲಿ ಪ್ರಕಟವಾದ ಈ ಕೆಲಸ ಮೆಲ್ಲಿಫೆರಾ ಮೇಲೆ ನಡೆದದ್ದು. ಆದರೆ ನಮ್ಮ ಪೆಟ್ಟಿಗೆಯಲ್ಲಿ ಆಷಾಢದಲ್ಲಿ ಕಾಣುವ ಚಿತ್ರವೂ ಹೀಗೇ ಇರುತ್ತದೆ. ಕ್ರೂರ ಅನ್ನಿಸಬಹುದು. ಆದರೆ ಇನ್ನೂ ಐದು ದಿನ ಉಣ್ಣಿಸಬೇಕಾದ ಮರಿಯ ಮಾಂಸ ನಾಳೆ ಮುಚ್ಚಳ ಬೀಳುವ ಮರಿಗೆ ಹಾಲಾಗಿ ಹೋಗುತ್ತದೆ. ಮಳೆ ಬಿಟ್ಟು ಪರಾಗ ಬಂದರೆ ಅದೇ ರಾಣಿ ಮತ್ತೆ ಇಡುತ್ತಾಳೆ.

ಪೆಟ್ಟಿಗೆಯನ್ನು ದಿನಾ ತೆರೆಯಬಾರದು. ಹತ್ತು ದಿನಕ್ಕೊಮ್ಮೆ, ಒಂದು ಎರಿ, ಎರಡು ನಿಮಿಷ, ಸಾಕು. ಉಳಿದ ದಿನ ಪೆಟ್ಟಿಗೆಯ ಬಾಗಿಲ ಪಕ್ಕ ಕೂರಿ. ಬಿಸಿಲು ಹಣಕಿದ ಹೊತ್ತಲ್ಲಿ ಐದು ನಿಮಿಷ ಎಣಿಸಿ. ಕಾಲಲ್ಲಿ ಹಳದಿ, ಬೂದು, ಕಿತ್ತಳೆ ಬಣ್ಣದ ಉಂಡೆ ಕಟ್ಟಿಕೊಂಡು ಬರುವ ಹುಳ ಎಷ್ಟು? ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದ ಪೆಟ್ಟಿಗೆಗೆ ಹತ್ತು ಬರುವಾಗ ಇದಕ್ಕೆ ಒಂದೂ ಬಾರದಿದ್ದರೆ ಆ ಪೆಟ್ಟಿಗೆಯನ್ನೇ ತೆರೆದು ನೋಡಬೇಕು.

ಹಂತ 3: ಸಕ್ಕರೆ ಪಾಕ

ಪೆಟ್ಟಿಗೆಗೆ ವಾರಕ್ಕೆ 200 ಗ್ರಾಂ ಸಕ್ಕರೆ, ಅಷ್ಟೇ ತೂಕದ ನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಸಕ್ಕರೆ ಹಾಕಿ ಕದಡಿ. ಪೂರ್ತಿ ತಣ್ಣಗಾಗಲಿ. ಖಾಲಿ ಜೇನು ಕೋಣೆಯನ್ನು ಮೇಲಿಟ್ಟು, ಎರಿಗಳ ನೆತ್ತಿಯ ಮೇಲೆ ಗೆರಟೆ ಕೂರಿಸಿ. ಅದಕ್ಕೆ ಪಾಕ ಹೊಯ್ದು ನಾಲ್ಕು ಒಣ ಕಡ್ಡಿ ಅಡ್ಡಡ್ಡ ಹಾಕಿ. ಕಡ್ಡಿ ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಒಂದೇ ಸಲ ಎಲ್ಲ ಕೊಡುವ ಬದಲು ಎರಡು ಕಂತು ಮಾಡಿ. ಎರಡು ದಿನ ಉಳಿದ ಪಾಕ ಹುಳಿ ಬರುತ್ತದೆ, ಅದನ್ನು ಚೆಲ್ಲಿ ಗೆರಟೆ ತೊಳೆಯಿರಿ.

ಇಲ್ಲಿ ಜನ ಮಾಡುವ ತಪ್ಪುಗಳು ಕೆಲವು ಇವೆ. ಮೊದಲನೆಯದು ಬೆಲ್ಲ. ನಾನೂ ಮೊದಲ ವರ್ಷ "ಸಕ್ಕರೆಗಿಂತ ಬೆಲ್ಲ ಒಳ್ಳೆಯದಲ್ವಾ" ಎಂದು ಬೆಲ್ಲದ ನೀರು ಕೊಟ್ಟೆ. ವಾರದಲ್ಲಿ ಬಾಗಿಲ ಹಲಗೆ ತುಂಬ ಕಂದು ಗೆರೆ. ಹುಳಕ್ಕೆ ಭೇದಿ ಆಗಿತ್ತು. ಬೆಲ್ಲದಲ್ಲಿ ಹುಳ ಜೀರ್ಣಿಸಿಕೊಳ್ಳಲಾಗದ ಲವಣ, ಕಲ್ಮಶ ಜಾಸ್ತಿ. ಮಳೆಯಲ್ಲಿ ಹೊರಗೆ ಹಾರಿ ಹೊಟ್ಟೆ ಖಾಲಿ ಮಾಡಲು ಆಗದೆ ಮನೆಯೆಲ್ಲ ಹೊಲಸಾಗುತ್ತದೆ.

ಎರಡನೆಯದು ಅಂಗಡಿಯ ಜೇನು ತಂದು ಕೊಡುವುದು. ಯಾವ ಊರಿನ ಯಾವ ರೋಗ ಅದರಲ್ಲಿದೆಯೋ ಗೊತ್ತಿಲ್ಲ. ಕೆಲವು ಮರಿರೋಗಗಳ ಬೀಜಾಣು ಜೇನಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ಮೂರನೆಯದು ನಿಂಬೆಹುಳಿ ಹಾಕಿ ಪಾಕ ಕುದಿಸುವುದು. ಹುಳಿ ಮತ್ತು ಬೆಂಕಿ ಸೇರಿದರೆ ಸಕ್ಕರೆಯಿಂದ ಎಚ್‌ಎಂಎಫ್ ಎಂಬ ವಸ್ತು ಹುಟ್ಟುತ್ತದೆ. ಅದು ಹುಳಕ್ಕೆ ವಿಷ. ಪಾಕ ಕಂದು ತಿರುಗಿದರೆ ಪಾಯಸಕ್ಕೆ ಹಾಕಿಕೊಳ್ಳಿ, ಪೆಟ್ಟಿಗೆಗೆ ಬೇಡ.

ಹಗಲಲ್ಲಿ ಪಾಕ ಇಡಲೇಬಾರದು. ದೀಪ ಹಚ್ಚುವ ಹೊತ್ತಿಗೆ, ಎಲ್ಲ ಪೆಟ್ಟಿಗೆಗೂ ಅದೇ ಸಂಜೆ ಇಡಿ. ಹಗಲು ಒಂದಕ್ಕೆ ಮಾತ್ರ ಇಟ್ಟರೆ ಪಕ್ಕದ ಬಲವಾದ ಕುಟುಂಬ ಬಂದು ದರೋಡೆ ಮಾಡುತ್ತದೆ. ಬಾಗಿಲಲ್ಲಿ ಹುಳ ಒಂದನ್ನೊಂದು ಕಚ್ಚಿ ಉರುಳಾಡುತ್ತಿದ್ದರೆ ಅದು ದರೋಡೆಯೇ. ಕೂಡಲೇ ಬಾಗಿಲನ್ನು ಒಂದೆರಡು ಹುಳ ಹೋಗುವಷ್ಟು ಸಣ್ಣದು ಮಾಡಿ, ಪಾಕ ತೆಗೆಯಿರಿ. ದರೋಡೆಗೊಳಗಾದ ತುಡುವೆ ಹೆಚ್ಚಿನ ಸಲ ಆ ಜಾಗದಲ್ಲಿ ನಿಲ್ಲುವುದಿಲ್ಲ.

ಹಂತ 4: ಪರಾಗ. ಇದೇ ಎಲ್ಲರೂ ಬಿಡುವ ಹಂತ

ಸಕ್ಕರೆ ಅನ್ನ ಇದ್ದಂತೆ, ಪರಾಗ ಬೇಳೆ ಇದ್ದಂತೆ. ಬರೀ ಅನ್ನ ತಿಂದು ಹಿರಿಯರು ನಾಲ್ಕು ದಿನ ತಳ್ಳಬಹುದು, ಮಕ್ಕಳು ಬೆಳೆಯುವುದಿಲ್ಲ. "ಸಕ್ಕರೆ ಕೊಟ್ಟೆ, ಆದರೂ ಹೋದವು" ಎನ್ನುವ ಫೋನಿಗೆ ಉತ್ತರ ಇಷ್ಟೇ.

ಹುಳಕ್ಕೆ ಹತ್ತು ಬಗೆಯ ಅಮೈನೊ ಆಮ್ಲ ಊಟದಿಂದಲೇ ಸಿಗಬೇಕು ಎಂದು ಡಿ ಗ್ರೂಟ್ ಎಂಬ ವಿಜ್ಞಾನಿ 1953ರಲ್ಲೇ ತೋರಿಸಿದ್ದರು. ಅಮೈನೊ ಆಮ್ಲ ಎಂದರೆ ಪ್ರೋಟೀನಿನ ಇಟ್ಟಿಗೆಗಳು. ಒಂದೇ ಹೂವಿನ ಪರಾಗದಲ್ಲಿ ಎಲ್ಲ ಇಟ್ಟಿಗೆಯೂ ಸಾಕಷ್ಟು ಇರುವುದು ಅಪರೂಪ. ಜೋಳದ ಪರಾಗ ರಾಶಿ ಸಿಗುತ್ತದೆ, ಆದರೆ ಸತ್ವ ಕಮ್ಮಿ. 2010ರಲ್ಲಿ ಫ್ರಾನ್ಸ್‌ನ ಅವಿನ್ಯಾನ್‌ನ ಸಂಶೋಧಕರು ಇನ್ನೊಂದು ವಿಷಯ ಕಂಡರು. ಹಲವು ಹೂವಿನ ಪರಾಗ ಬೆರೆಸಿ ತಿಂದ ಹುಳಗಳಲ್ಲಿ, ಮರಿಯೂಟವನ್ನು ಕೆಡದಂತೆ ಕಾಯುವ ಒಂದು ಕಿಣ್ವ ಜಾಸ್ತಿ ಇತ್ತು. ಒಂದೇ ಹೂವಿನ ಪರಾಗದಲ್ಲಿ ಪ್ರೋಟೀನು ಹೆಚ್ಚಿದ್ದರೂ ಈ ಫಲ ಸಿಗಲಿಲ್ಲ. ಮಳೆಗಾಲದ ಕುಟುಂಬ ರೋಗಕ್ಕೆ ಬೇಗ ಬೀಳುವುದರ ಹಿಂದೆ ಈ ಊಟದ ಕಥೆಯೂ ಇದೆ.

ಹಾಗಾದರೆ ಹೂವು ಎಲ್ಲಿರಬೇಕು? ಮನೆ ಹತ್ತಿರ. ದಕ್ಷಿಣ ಭಾರತದಲ್ಲೇ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿಗಳೂ ಅದರಲ್ಲಿದ್ದರು. ತುಡುವೆ, ಕೋಲುಜೇನು, ಹೆಜ್ಜೇನು ಮೂರರ ಕುಣಿತವನ್ನು ಹೋಲಿಸಿದರು. ಹೂವು ಎಲ್ಲಿದೆ ಎಂದು ಹುಳ ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸಿ ಕುಣಿದು ಹೇಳುತ್ತದಲ್ಲ, ಅದೇ ಕುಣಿತ. ದೂರ ಹೆಚ್ಚಾದಂತೆ ಕುಣಿತದ ಹೊತ್ತು ಅತಿ ವೇಗವಾಗಿ ಏರುವುದು ತುಡುವೆಯಲ್ಲಿ. ಹೆಜ್ಜೇನಿನಲ್ಲಿ ನಿಧಾನ. ಹತ್ತಿರದಲ್ಲೇ ಮೇಯುವ ಹುಳಕ್ಕೆ ಸಣ್ಣ ದೂರವನ್ನೂ ಕರಾರುವಾಕ್ಕಾಗಿ ಹೇಳಬೇಕು, ಅದಕ್ಕೆ ಹೀಗೆ. ಹೆಜ್ಜೇನು ಎರಡು ಕಿಲೋಮೀಟರ್ ದಾಟಿ ಹೋಗಿ ಬರುತ್ತದೆ. ತುಡುವೆಯ ಸಂತೆ ಒಂದು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಮಳೆ ಅರ್ಧ ಗಂಟೆ ಬಿಟ್ಟಾಗ ಹೋಗಿ ಬರಬೇಕಲ್ಲ? ಆಗ ಅಂಗಳದ ಹೂವೇ ಗತಿ.

ಹೀಗಾಗಿ ನಾನು ಹೇಳುವುದು: ತೋಟದ ಮುಟ್ಟಿದರೆ ಮುನಿಯನ್ನು ಪೂರ್ತಿ ಕಳೆ ಕೊಚ್ಚಬೇಡಿ. ಮಳೆಗಾಲದ ಬೆಳಗ್ಗೆ ಅದರ ನಸುಗೆಂಪು ಉಂಡೆಹೂವಿನ ಮೇಲೆ ಹುಳ ಉರುಳಾಡುವುದನ್ನು ನೋಡಿದರೆ ಕತ್ತಿ ಕೆಳಗಿಡುತ್ತೀರಿ. ಅಡಿಕೆ, ತೆಂಗು ಇದ್ದರೆ ಪರಾಗದ ಒಂದು ಆಸರೆ ಇದ್ದೇ ಇದೆ. ಬೇಲಿಗೆ ಆಂಟಿಗೊನಾನ್ ಬಳ್ಳಿ ಹಬ್ಬಿಸಿ. ಅಂಗಳದಲ್ಲಿ ಸೌತೆ, ಹೀರೆ, ಹಾಗಲ ಹಾಕಿ. ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಸಾಲು ಜೋಳ ಬಿತ್ತಿ. ಸತ್ವ ಕಮ್ಮಿ ಎಂದೆ ನಿಜ, ಬೇರೆ ಪರಾಗದ ಜೊತೆ ಬೆರೆತರೆ ಅದೂ ಊಟವೇ.

ಹೂವು ಸಾಲದಿದ್ದರೆ ಕೃತಕ ಪರಾಗ. ಎಣ್ಣೆ ತೆಗೆದ ಸೋಯಾ ಹಿಟ್ಟು ಮೂರು ಪಾಲು, ಬ್ರೂವರ್ಸ್ ಯೀಸ್ಟ್ ಒಂದು ಪಾಲು, ಪುಡಿ ಸಕ್ಕರೆ ನಾಲ್ಕು ಪಾಲು. ನಿಮ್ಮದೇ ರೋಗವಿಲ್ಲದ ಪೆಟ್ಟಿಗೆಯ ಜೇನು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಬ್ರೆಡ್ಡಿಗೆ ಹಾಕುವ ಉಬ್ಬುವ ಯೀಸ್ಟ್ ಬೇಡ, ಅದು ಜೀವಂತ. ಹಳೆಯ ಪಾಕವಿಧಾನಗಳಲ್ಲಿ ಹಾಲಿನ ಪುಡಿಯೂ ಇರುತ್ತದೆ. ಹಾಲಿನ ಸಕ್ಕರೆ ಹುಳಕ್ಕೆ ಜೀರ್ಣವಾಗುವುದಿಲ್ಲ, ಹಾಗಾಗಿ ನಾನು ಅದನ್ನು ಬಿಟ್ಟಿದ್ದೇನೆ. 20–25 ಗ್ರಾಂ ಉಂಡೆಯನ್ನು ಬಾಳೆಲೆ ತುಂಡಿನ ಮೇಲೆ ಬಿಲ್ಲೆ ತಟ್ಟಿ, ಮರಿ ಇರುವ ಎರಿಗಳ ನೆತ್ತಿಯ ಮೇಲೆ ಮಗುಚಿ ಇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಡುವೆ ಇದನ್ನು ಮೂಸಿ ನೋಡದೆಯೂ ಇರಬಹುದು. ಬೇಜಾರು ಬೇಡ. ಮೇಲೆ ನಾಲ್ಕು ಹನಿ ಜೇನು ಸವರಿ ನೋಡಿ. ಮೂರು ದಿನದಲ್ಲಿ ಮುಟ್ಟದಿದ್ದರೆ ತೆಗೆದು ಬಿಸಾಕಿ. ಬೂಷ್ಟು ಹಿಡಿದ ಬಿಲ್ಲೆ ಪೆಟ್ಟಿಗೆಯಲ್ಲಿ ಇರಬಾರದು.

ಹಂತ 5: ರೋಗವೋ ಹಸಿವೋ, ಬೇರ್ಪಡಿಸಿ ನೋಡಿ

1991–92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನುಂಗಿತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಳೇ ಜೇನು ಕೃಷಿಕರು ಇವತ್ತಿಗೂ "ರೋಗಕ್ಕೆ ಮೊದಲು, ರೋಗದ ನಂತರ" ಎಂದೇ ಕಾಲ ಲೆಕ್ಕ ಹಾಕುವುದುಂಟು. ಅದು ಹೋಗಿಲ್ಲ, ಈಗಲೂ ಅಲ್ಲಲ್ಲಿ ತಲೆ ಎತ್ತುತ್ತದೆ.

ಗುರುತಿಸುವುದು ಹೀಗೆ. ಮರಿ ಪೂರ್ತಿ ಬೆಳೆದು, ಕಣದಲ್ಲಿ ಅಂಗಾತ ನೀಟಾಗಿ ಚಾಚಿಕೊಂಡ ಮೇಲೆ ಸಾಯುತ್ತದೆ. ಮುಚ್ಚಳ ತೂತಾಗಿರುತ್ತದೆ ಅಥವಾ ಹುಳಗಳು ತೆಗೆದಿರುತ್ತವೆ. ಮರಿಯ ತಲೆ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಒಂದು ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ. ಹರಿಯದೆ, ನೀರು ತುಂಬಿದ ಪುಟ್ಟ ಚೀಲದ ಹಾಗೆ ಇಡಿಯಾಗಿ ಬಂದರೆ ಅದೇ ರೋಗ. ಮರಿ ಕೊನೆಯ ಪೊರೆ ಕಳಚಲು ಆಗದಂತೆ ವೈರಸ್ಸು ತಡೆಯುತ್ತದೆ. ಪೊರೆಯ ಒಳಗೆ ನೀರು ನಿಲ್ಲುತ್ತದೆ. ಕೆಟ್ಟ ವಾಸನೆ ಇರುವುದಿಲ್ಲ. ಹುಳಿ ವಾಸನೆ ಬಂದು, ಮರಿ ಹಳದಿಯಾಗಿ ತಿರುಚಿಕೊಂಡು ಬಿದ್ದಿದ್ದರೆ ಅದು ಬೇರೆ, ಬ್ಯಾಕ್ಟೀರಿಯಾದ ಮರಿಕೊಳೆ ರೋಗ. ಹಸಿವಿನಿಂದಾದರೆ ಸತ್ತ ಮರಿ ಕಾಣುವುದೇ ಇಲ್ಲ, ಕಣ ಸ್ವಚ್ಛ ಖಾಲಿ ಇರುತ್ತದೆ.

ಥಾಯ್ ಸ್ಯಾಕ್‌ಬ್ರೂಡ್‌ಗೆ ಔಷಧಿ ಇಲ್ಲ. ವೈರಸ್ಸಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಯಾರೋ ಹೇಳಿದರೆಂದು ಪಾಕಕ್ಕೆ ಮಾತ್ರೆ ಪುಡಿ ಮಾಡಿ ಹಾಕಬೇಡಿ, ಅದು ನಾಳೆ ನಿಮ್ಮ ಜೇನಿನಲ್ಲೇ ಸಿಕ್ಕುತ್ತದೆ. ಮಾಡಬಹುದಾದದ್ದು ಇದು: ರಾಣಿಯನ್ನು ಪಂಜರದಲ್ಲಿ ಹಾಕಿ ಮೂರು ವಾರ ಎರಿಯ ನಡುವೆ ಇಡಿ. ಹೊಸ ಮೊಟ್ಟೆ ಇರುವುದಿಲ್ಲ, ಇರುವ ಮರಿ ಹುಳವಾಗಿಯೋ ಸತ್ತೋ ಮುಗಿಯುತ್ತದೆ. ವೈರಸ್ಸಿಗೆ ಬೆಳೆಯಲು ಮರಿ ಸಿಗುವುದಿಲ್ಲ. ರಾಣಿ ಒಳಗಿರುವುದರಿಂದ ಹುಳವೂ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಸತ್ತ ಮರಿ ಜಾಸ್ತಿ ಇರುವ ಎರಿ ಕಿತ್ತು ಸುಡಿ. ಪಾಕ ಬಿಡದೆ ಕೊಡಿ. ಸತ್ತ ಮರಿಯನ್ನು ಎತ್ತಿ ಹಾಕುವ ಎಳೆ ಹುಳಗಳೇ ವೈರಸ್ಸನ್ನು ಹೊತ್ತು ಬೇರೆ ಮರಿಗೆ ಉಣಿಸುತ್ತವೆ. ಹಾಗಾಗಿ ರೋಗದ ಪೆಟ್ಟಿಗೆಯ ಎರಿಯನ್ನಾಗಲಿ ಹುಳವನ್ನಾಗಲಿ ಇನ್ನೊಂದಕ್ಕೆ ಸೇರಿಸಬಾರದು. ಅದನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಚಾಕುವನ್ನು ಬೆಂಕಿಗೆ ಹಿಡಿಯಿರಿ. ಅನುಮಾನ ಇದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ಕೃಷಿ ವಿಭಾಗವನ್ನೋ ಕೇಳಿ.

ನಾಲ್ಕು ಪೆಟ್ಟಿಗೆಯಲ್ಲಿ ಮೂರು ಬಿದ್ದು ಒಂದು ಗಟ್ಟಿ ನಿಂತರೆ ಅದರ ನಂಬರು ಬರೆದಿಡಿ. ಮುಂದಿನ ವರ್ಷ ಪಾಲು ಮಾಡುವುದಿದ್ದರೆ ಅದರಿಂದಲೇ ಮಾಡಿ. ಕೆಟ್ಟ ಮರಿಯನ್ನು ಬೇಗ ಕಂಡುಹಿಡಿದು ಹೊರಗೆ ಹಾಕುವ ಗುಣ ಕೆಲವು ಕುಟುಂಬಗಳಿಗೆ ರಕ್ತದಲ್ಲೇ ಬರುತ್ತದೆ. 1964ರಲ್ಲಿ ಅಮೆರಿಕದ ವಾಲ್ಟರ್ ರಾಥೆನ್‌ಬ್ಯೂಲರ್ ಇದನ್ನು ತಳಿ ಬೆರೆಸಿ ತೋರಿಸಿದರು. ನಮ್ಮಲ್ಲಿ ಬಹಳ ಜನ ಇದರ ಉಲ್ಟಾ ಮಾಡುತ್ತಾರೆ. ಜೇನು ಜಾಸ್ತಿ ಕೊಟ್ಟದ್ದನ್ನೇ ಪಾಲು ಮಾಡುತ್ತಾರೆ, ರೋಗ ತಡೆದದ್ದನ್ನು ಗಮನಿಸುವುದಿಲ್ಲ.

ಅಂದಹಾಗೆ, ವರೋವಾ ಎಂಬ ಉಣ್ಣೆಗೆಂದು ಅಂಗಡಿಯಲ್ಲಿ ಸಿಗುವ ಔಷಧಿ ಪಟ್ಟಿ ತುಡುವೆಗೆ ಬೇಡ. ಆ ಉಣ್ಣೆಗೂ ತುಡುವೆಗೂ ಹಳೇ ಸಂಬಂಧ. ತುಡುವೆ ಅದನ್ನು ಮೈಯಿಂದ ಕಿತ್ತು ಹಾಕುತ್ತದೆ, ಉಣ್ಣೆ ಗಂಡು ಮರಿಯ ಕಣದಲ್ಲಿ ಮಾತ್ರ ಮರಿ ಹಾಕಲು ಗೆಲ್ಲುತ್ತದೆ. ಮೆಲ್ಲಿಫೆರಾಕ್ಕೆ ಅದು ಮಾರಿ, ಇದಕ್ಕೆ ನೆಂಟ.

ಹಂತ 6: ಉಳಿದ ಕಾಟ

ಮೇಣದ ಹುಳು: ಎರಿಯಲ್ಲಿ ಜೇಡರ ಬಲೆಯಂಥ ಸುರಂಗ, ತಳದ ಹಲಗೆಯಲ್ಲಿ ಕರಿ ಹಿಕ್ಕೆ. ಹತ್ತು ದಿನಕ್ಕೊಮ್ಮೆ ತಳದ ಹಲಗೆ ಒರೆಸಿ. ಹಂತ 1ರಲ್ಲಿ ಖಾಲಿ ಎರಿ ತೆಗೆದಿದ್ದರೆ ಈ ಕಾಟ ಮುಕ್ಕಾಲು ಪಾಲು ಇರುವುದಿಲ್ಲ. ಇರುವೆ: ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಅದರ ಮೇಲೆ ನಾಲ್ಕು ಹನಿ ಎಣ್ಣೆ. ಹುಲ್ಲು ಪೆಟ್ಟಿಗೆಗೆ ತಾಗಿದರೆ ಬಟ್ಟಲು ಇದ್ದೂ ದಂಡ. ಕಣಜ: ಬಾಗಿಲು ಸಣ್ಣದು ಮಾಡಿ, ಉಳಿದದ್ದು ಹುಳವೇ ನೋಡಿಕೊಳ್ಳುತ್ತದೆ. ಬಾಗಿಲಲ್ಲಿ ಅಲೆ ಅಲೆಯಾಗಿ ಮೈ ಅಲುಗಿಸಿ ಹೆದರಿಸುತ್ತದೆ, ಕೈಗೆ ಸಿಕ್ಕರೆ ಉಂಡೆಯಾಗಿ ಮುತ್ತಿ ಬಿಸಿಯಿಂದಲೇ ಸಾಯಿಸುತ್ತದೆ. ಕೀಟನಾಶಕ: ಹೂವಿರುವ ಗಿಡಕ್ಕೆ ಹೊಡೆಯಲೇಬೇಡಿ. ಇಮಿಡಾಕ್ಲೋಪ್ರಿಡ್ ಸೇರಿ ಮೂರು ನಿಯೋನಿಕೋಟಿನಾಯ್ಡ್‌ಗಳನ್ನು ಬಯಲು ಬೆಳೆಗೆ ಬಳಸುವುದನ್ನು ಯುರೋಪಿನ ಒಕ್ಕೂಟ 2018ರಲ್ಲಿ ನಿಲ್ಲಿಸಿದ್ದು ಜೇನಿನ ಕಾರಣಕ್ಕೇ. ಅಡಿಕೆಗೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ದಿನ ಪೆಟ್ಟಿಗೆ ಮೇಲೆ ಹಾಳೆ ಮುಚ್ಚಿ, ಹತ್ತಿರದ ನೀರಿನ ತೊಟ್ಟಿಯನ್ನೂ ಮುಚ್ಚಿ.

ಹಂತ 7: ಹೊರಡುವ ತಯಾರಿ ಕಂಡರೆ

ಲಕ್ಷಣ ಬರುವುದು ಒಂದು ಕ್ರಮದಲ್ಲಿ. ಮೊದಲು ಪರಾಗ ತರುವುದು ನಿಲ್ಲುತ್ತದೆ. ಆಮೇಲೆ ಮೊಟ್ಟೆ ಕಾಣುವುದಿಲ್ಲ. ಆಮೇಲೆ ಸಣ್ಣ ಮರಿ ಇಲ್ಲ. ಮುಚ್ಚಿದ ಮರಿ ಮಾತ್ರ ಉಳಿಯುತ್ತದೆ. ಅದೂ ಒಡೆದು ಹುಳವಾದ ಮೇಲೆ ಇದ್ದಬದ್ದ ಜೇನು ಕುಡಿದು, ಬಿಸಿಲು ಬಿದ್ದ ಮೊದಲ ದಿನ ಹೊರಡುತ್ತವೆ. ತುಡುವೆ ಮೊಟ್ಟೆಯಿಂದ ಹುಳವಾಗಲು ಹತ್ತಿರ ಹತ್ತಿರ 20 ದಿನ. ಕೊನೆಯ ಮೊಟ್ಟೆಯಿಂದ ಅಷ್ಟು ದಿನ ನಿಮ್ಮ ಕೈಯಲ್ಲಿದೆ. ನೋಟ್‌ಬುಕ್ಕು ಬೇಕು ಎಂದದ್ದು ಇದಕ್ಕೇ.

ಮೊಟ್ಟೆ ನಿಂತದ್ದು ಕಂಡ ದಿನವೇ ಪಾಕ ಮತ್ತು ಪರಾಗದ ಬಿಲ್ಲೆ ಶುರು ಮಾಡಿ. ಜೊತೆಗೆ ರೋಗವಿಲ್ಲದ, ಬಲವಾದ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆ ಮರಿ ಇರುವ ಒಂದು ಎರಿ ತೆಗೆದು, ಹುಳ ಕೊಡವಿ, ಇದರ ಮಧ್ಯಕ್ಕೆ ಇಡಿ. ಮರಿಯ ವಾಸನೆ ಬಂದರೆ ಹುಳ ಮತ್ತೆ ಕೆಲಸಕ್ಕೆ ತಿರುಗುತ್ತದೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ರಾಣಿ ಗೇಟು, ಅಂದರೆ ಕೆಲಸದ ಹುಳ ದಾಟಿ ರಾಣಿ ದಾಟಲಾಗದ ಬಾಗಿಲ ಪಟ್ಟಿಯನ್ನು ಹಾಕಬಹುದೇ? ನಾಲ್ಕೈದು ದಿನಕ್ಕೆ ಹಾಕಿ, ಮೇಲಿನ ಮದ್ದು ಕೆಲಸ ಮಾಡುವವರೆಗೆ. ತಿಂಗಳುಗಟ್ಟಲೆ ಬಿಟ್ಟರೆ ಹೊರಬರಲಾಗದ ಗಂಡು ಹುಳ ಬಾಗಿಲಲ್ಲೇ ಸತ್ತು ಗಾಳಿ ಕಟ್ಟುತ್ತದೆ. ಹಸಿದವರ ಮನೆಗೆ ಹೊರಗಿನಿಂದ ಬೀಗ ಹಾಕಿದ ಹಾಗೆ ಅದು.

ಹಂತ 8: ಮಳೆ ಇಳಿದ ಮೇಲೆ

ಹುಬ್ಬೆ ಮಳೆ ಕಳೆದು ಬಿಸಿಲು ನಿಂತ ಮೇಲೆ ಬಾಗಿಲಲ್ಲಿ ಪರಾಗ ಎಣಿಸಿ. ಲೆಕ್ಕ ಏರತೊಡಗಿದರೆ ಪರಾಗದ ಬಿಲ್ಲೆ ನಿಲ್ಲಿಸಿ. ಎರಿಯಲ್ಲಿ ಹೊಸ ಜೇನು ಹೊಳೆಯತೊಡಗಿದರೆ ಪಾಕವನ್ನೂ ನಿಲ್ಲಿಸಿ. ಜೇನಿಗೆಂದು ಚೌಕಟ್ಟು ಹಾಕಿ ಜೇನು ಕೋಣೆ ಇಟ್ಟ ಮೇಲೆ ಒಂದು ಹನಿ ಪಾಕವೂ ಬೇಡ. ಅದು ನೇರ ನಿಮ್ಮ ಬಾಟಲಿಗೇ ಬರುತ್ತದೆ, ಆಗ ನಿಮ್ಮ ಜೇನು ಕಲಬೆರಕೆ.

ಇಷ್ಟೆಲ್ಲ ಮಾಡಿಯೂ ಒಂದೆರಡು ಖಾಲಿಯಾದರೆ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆಯಬೇಡಿ. ಎರಿ ಎಲ್ಲ ಕಿತ್ತು ಕರಗಿಸಿ. ರೋಗ ಇದ್ದ ಪೆಟ್ಟಿಗೆಯಾದರೆ ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಲ್ಲಿ ತಿಕ್ಕಿ, ಒಳಗೋಡೆಯನ್ನು ಬೆಂಕಿಗೆ ಹಿಡಿದು ಸ್ವಲ್ಪ ಕಂದು ಮಾಡಿ, ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಚೌಕಟ್ಟಿನ ಮೇಲುಪಟ್ಟಿಗೆ ಒಳ್ಳೆಯ ಪೆಟ್ಟಿಗೆಯ ಮೇಣ ಉಜ್ಜಿ, ತೋಟದ ಅಂಚಿನಲ್ಲಿ, ಆಳೆತ್ತರದ ಮರದ ಕವಲಿನ ನೆರಳಲ್ಲಿ ಕಟ್ಟಿ. ದೀಪಾವಳಿ ಕಳೆದ ಮೇಲೆ ಕಾಡಿನ ಕುಟುಂಬಗಳು ಪಾಲಾಗತೊಡಗುತ್ತವೆ. ಮನೆ ಹುಡುಕುವ ಹತ್ತಾರು ಹುಳ ಬಾಗಿಲಲ್ಲಿ ಒಳಗೆ ಹೊರಗೆ ಓಡಾಡುವುದು ಕಂಡರೆ ಎರಡು ದಿನ ಆ ಕಡೆ ತಲೆ ಹಾಕಬೇಡಿ. ಒಳಗೆ ಹೊಕ್ಕ ಮೇಲೆ ಸಂಜೆ ಇಳಿಸಿ ತಂದು ಗೆರಟೆಯಲ್ಲಿ ಪಾಕ ಇಡಿ. ನಾಲ್ಕನೇ ದಿನ ಟಾರ್ಚು ಹಿಡಿದು ಕಣದ ತಳದಲ್ಲಿ ಮೊಟ್ಟೆ ಇದೆಯಾ ನೋಡಿ, ತಾರೀಖು ಬರೆಯಿರಿ.